ಕ್ವಾಂಟಂ ವಿಜ್ಞಾನ ಪ್ರಾಣಶಕ್ತಿಯನ್ನು ಸಾಬೀತು ಮಾಡಿದೆಯೇ?

ಪ್ರಶ್ನೆ: ಸರ್, ನನಗೆ 52 ವರ್ಷ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಆರು ವರ್ಷದಿಂದ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಅರೆತಲೆನೋವೂ ಇದೆ. ಎಂಟು ತಿಂಗಳಿಂದ ಒಂದು ಧ್ಯಾನ, ಪ್ರಾಣಾಯಾಮದ ತರಗತಿಗೆ ಹೋಗುತ್ತಿದ್ದೇನೆ. ತಲೆನೋವು ಅರ್ಧಕ್ಕರ್ಧ ಕಡಿಮೆಯಾಗಿದೆ, ನಿದ್ದೆಯೂ ಚೆನ್ನಾಗಿದೆ. ಅಲ್ಲಿನ ಗುರುಗಳು ಇದಕ್ಕೆಲ್ಲ ಕ್ವಾಂಟಂ ಭೌತಶಾಸ್ತ್ರವೇ (ಪರಮಾಣು, ಎಲೆಕ್ಟ್ರಾನಿನಂಥ ಅತಿ ಸಣ್ಣ ಕಣಗಳ ವಿಜ್ಞಾನ) ಆಧಾರ ಎನ್ನುತ್ತಾರೆ. ನೋಡುವವರಿಲ್ಲದೆ ಕಣವೇ ಇಲ್ಲ, ಆದ್ದರಿಂದ ಮನಸ್ಸೇ ದೇಹವನ್ನು ರೂಪಿಸುತ್ತದೆ ಎಂದು ಹೇಳುತ್ತಾರೆ. ಭೌತಶಾಸ್ತ್ರಜ್ಞ ಶ್ರೋಡಿಂಗರ್ ಉಪನಿಷತ್ತು ಓದಿ ತಮ್ಮ ಕ್ವಾಂಟಂ ಸಮೀಕರಣ ಬರೆದರಂತೆ. ದೂರದಲ್ಲಿರುವ ರೋಗಿಗಳಿಗೂ 'ಎಂಟ್ಯಾಂಗಲ್‌ಮೆಂಟ್' ಮೂಲಕ ಶಕ್ತಿ ಕಳಿಸುತ್ತಾರೆ. ಒಂದು 'ಕ್ವಾಂಟಂ ಪೆಂಡೆಂಟ್' ಕೊಟ್ಟಿದ್ದಾರೆ, ಮೂರು ತಿಂಗಳಿಂದ ಹಗಲೂ ರಾತ್ರಿ ಹಾಕಿಕೊಂಡಿದ್ದೇನೆ. ಈಗ ಬಿಪಿ ಮಾತ್ರೆಯನ್ನು ಮೆಲ್ಲಗೆ ಬಿಡಿ ಎನ್ನುತ್ತಿದ್ದಾರೆ. ನನ್ನ ತಮ್ಮ ಇಂಜಿನಿಯರ್. ಎಲ್ಲಾ ಮೋಸ, ಧ್ಯಾನವನ್ನೂ ಬಿಟ್ಟುಬಿಡು ಎಂದು ಬೈಯುತ್ತಾನೆ. ಮಕ್ಕಳಿಗೆ ವಿಜ್ಞಾನ ಕಲಿಸುವ ನನಗೇ ಯಾವುದು ನಿಜ ಅಂತ ಗೊತ್ತಾಗುತ್ತಿಲ್ಲ. ದಯವಿಟ್ಟು ತಿಳಿಸಿ.

ಉತ್ತರ: ಮೊದಲು ತುರ್ತಿನ ಮಾತು ಹೇಳಿಬಿಡುತ್ತೇನೆ. ಬಿಪಿ ಮಾತ್ರೆ ಬಿಡಬೇಡಿ. ಪೆಂಡೆಂಟನ್ನು ಇವತ್ತೇ ಕತ್ತಿನಿಂದ ತೆಗೆಯಿರಿ. ಧ್ಯಾನ, ಪ್ರಾಣಾಯಾಮ ಮುಂದುವರಿಸಿ. ಕಾರಣ ಒಂದೊಂದಾಗಿ ಹೇಳುತ್ತೇನೆ.

ನಾನು ವೈದ್ಯನಲ್ಲ, ಆಸ್ಪತ್ರೆಯಲ್ಲಿ ಕೆಲಸ ಮಾಡುವ ಭೌತಶಾಸ್ತ್ರಜ್ಞ. ಕ್ಯಾನ್ಸರ್ ಗಡ್ಡೆಗೆ ವಿಕಿರಣ ಎಷ್ಟು ಕೊಡಬೇಕು, ಯಾವ ಕೋನದಿಂದ ಕೊಡಬೇಕು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಉಪನಿಷತ್ತನ್ನು ಪ್ರೀತಿಯಿಂದ ಓದುವವನೂ ಹೌದು. ನೀವು ಕೇಳಿದ ಪ್ರಶ್ನೆಯನ್ನು ಚಿಕಿತ್ಸೆಗೆ ಬಂದು ಕಾಯುತ್ತಾ ಕೂತ ಎಷ್ಟೋ ಜನ ನನಗೆ ಕೇಳಿದ್ದಾರೆ. ಹಾಗಾಗಿ ನಿಮ್ಮ ಗೊಂದಲ ನನಗೆ ಹೊಸದಲ್ಲ, ಅದರಲ್ಲಿ ನಾಚಿಕೆಪಡುವಂಥದ್ದೂ ಏನಿಲ್ಲ.

ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಒಂದಕ್ಕೊಂದು ಸುತ್ತಿಕೊಂಡಿವೆ. ದೊಡ್ಡ ಭೌತಶಾಸ್ತ್ರಜ್ಞರಿಗೆ ಪೂರ್ವದ ತತ್ವಶಾಸ್ತ್ರದ ನಂಟು ಇತ್ತೇ? ಆ ನಂಟಿನಿಂದ ಪ್ರಾಣ, ನಾಡಿ, ಚೀನಾದವರು ಹೇಳುವ ಚೀ ಇವೆಲ್ಲ ಸಾಬೀತಾದವೇ? ಸಾಬೀತಾಗಿಲ್ಲ ಎಂದರೆ ಧ್ಯಾನವೂ ಸುಳ್ಳೇ? ಮೊದಲನೆಯದಕ್ಕೆ ಉತ್ತರ ಹೌದು. ಉಳಿದೆರಡಕ್ಕೂ ಇಲ್ಲ. ನಿಮ್ಮ ಗುರುಗಳು ಮೊದಲನೆಯದನ್ನು ಹಿಡಿದು ಎರಡನೆಯದಕ್ಕೆ ಹಾರುತ್ತಿದ್ದಾರೆ. ನಿಮ್ಮ ತಮ್ಮ ಎರಡನೆಯದನ್ನು ತಳ್ಳಿಹಾಕುವ ಭರದಲ್ಲಿ ಧ್ಯಾನವನ್ನೂ ತಳ್ಳುತ್ತಿದ್ದಾರೆ.

ನಂಟಿನ ಕಥೆ ನಿಜಕ್ಕೂ ಚೆನ್ನಾಗಿದೆ. ಶ್ರೋಡಿಂಗರ್ ವೇದಾಂತವನ್ನು ಆಳವಾಗಿ ಓದಿದ್ದರು, ಅದೂ ತಮ್ಮ ಸಮೀಕರಣಕ್ಕಿಂತ ವರ್ಷಗಳ ಮೊದಲೇ. ಆದರೆ 1926ರಲ್ಲಿ ಪ್ರಕಟವಾದ ಆ ಸಮೀಕರಣ ಹುಟ್ಟಿದ್ದು ಬೇರೆ ದಾರಿಯಲ್ಲಿ. 1924ರಲ್ಲಿ ಫ್ರಾನ್ಸಿನ ಡಿ ಬ್ರಾಯ್ ತಮ್ಮ ಪ್ರಬಂಧದಲ್ಲಿ ಎಲೆಕ್ಟ್ರಾನಿಗೂ ಅಲೆಯ ಗುಣ ಇದೆ ಎಂದಿದ್ದರು. ಅಲೆ ಇದ್ದರೆ ಅದಕ್ಕೊಂದು ಸಮೀಕರಣ ಬೇಕಲ್ಲ, ಅದನ್ನು ಹುಡುಕಿಕೊಂಡು ಹೊರಟವರು ಶ್ರೋಡಿಂಗರ್. ಸಮೀಕರಣ ಸರಿ ಎಂದು ಜಗತ್ತು ಒಪ್ಪಿದ್ದು ಅದು ಹೈಡ್ರೋಜನ್ ಸೂಸುವ ಬೆಳಕಿನ ಲೆಕ್ಕವನ್ನು ಸರಿಯಾಗಿ ಕೊಟ್ಟಿತು ಎಂಬ ಕಾರಣಕ್ಕೆ. 1944ರಲ್ಲಿ ಅವರು ಜೀವದ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದರು. ಅದರ ಕೊನೆಯಲ್ಲಿ ಆತ್ಮವೂ ಬ್ರಹ್ಮವೂ ಒಂದೇ ಎಂಬ ಉಪನಿಷತ್ತಿನ ಮಾತನ್ನು ತಂದರು. ತರುವ ಮುಂಚೆ, ಇದು ನನ್ನ ಸ್ವಂತ ಅಭಿಪ್ರಾಯ ಎಂದು ಹೇಳಿಕೊಂಡೇ ತಂದರು. ವಿಜ್ಞಾನದ ಮಾತು ಇಲ್ಲಿಗೆ ಮುಗಿಯಿತು, ಇನ್ನು ಮುಂದಿನದು ನನ್ನದು ಎಂದು ಗೆರೆ ಎಳೆದ ಆ ಪ್ರಾಮಾಣಿಕತೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಕ್ವಾಂಟಂ ವಿಜ್ಞಾನವನ್ನು ಕಟ್ಟಿದ ಇನ್ನೊಬ್ಬರಾದ ಹೈಸೆನ್‌ಬರ್ಗ್ ಭಾರತಕ್ಕೆ ಬಂದು ಟ್ಯಾಗೋರರನ್ನು ಭೇಟಿಯಾದದ್ದೂ ನಿಜ. ಆದರೆ ಭೇಟಿ ಆದದ್ದು 1929ರಲ್ಲಿ. ಕಣದ ಜಾಗ, ವೇಗ ಎರಡನ್ನೂ ಒಟ್ಟಿಗೆ ನಿಖರವಾಗಿ ತಿಳಿಯಲಾಗದು ಎನ್ನುವ ಅವರ ಅನಿಶ್ಚಿತತೆಯ ತತ್ವ ಪ್ರಕಟವಾದದ್ದು 1927ರಲ್ಲಿ. ಎರಡು ವರ್ಷ ಮೊದಲೇ ಬಂದ ತತ್ವಕ್ಕೆ ಆಮೇಲಿನ ಮಾತುಕತೆ ಮೂಲ ಆಗಲಾರದು. ಡೆನ್ಮಾರ್ಕಿನ ಭೌತಶಾಸ್ತ್ರಜ್ಞ ಬೋರ್ ವಿಷಯವೂ ಹೀಗೆಯೇ. 1947ರಲ್ಲಿ ಡೆನ್ಮಾರ್ಕಿನ ದೊಡ್ಡ ಗೌರವ ಸಿಕ್ಕಿದಾಗ ಅವರು ತಮ್ಮ ಲಾಂಛನಕ್ಕೆ ಎದುರುಬದುರಾದ ಎರಡು ಒಂದನ್ನೊಂದು ತುಂಬುವುದನ್ನು ತೋರಿಸುವ ಚೀನಾದ ಯಿನ್-ಯಾಂಗ್ ಚಿಹ್ನೆಯನ್ನು ಆರಿಸಿಕೊಂಡರು. ಕಣ ಮತ್ತು ಅಲೆ ಒಂದನ್ನೊಂದು ತುಂಬುವ ಎರಡು ನೋಟಗಳು ಎಂದು ಅವರು 1927ರಲ್ಲೇ ಹೇಳಿಯಾಗಿತ್ತು. ತಮ್ಮ ವಿಚಾರಕ್ಕೆ ಹೊಂದುವ ಚಿತ್ರ ಪೂರ್ವದಲ್ಲಿ ಸಿಕ್ಕಿತು, ಮೆಚ್ಚಿ ಇಟ್ಟುಕೊಂಡರು.

ವಿದ್ಯುತ್ ಸಂಶೋಧಕ ಟೆಸ್ಲಾ ಮತ್ತು ವಿವೇಕಾನಂದರ ಕಥೆಯನ್ನೂ ನಿಮ್ಮ ತರಗತಿಯಲ್ಲಿ ಹೇಳಿರಬಹುದು. ಶಕ್ತಿ ಮತ್ತು ದ್ರವ್ಯ ಎರಡೂ ಒಂದೇ ಮೂಲದವು ಎಂದು ಗಣಿತದಿಂದ ತೋರಿಸಬಲ್ಲೆ ಎಂದು ಟೆಸ್ಲಾ ಭಾವಿಸಿದ್ದಾರೆ ಎಂದು ವಿವೇಕಾನಂದರು 1896ರ ಒಂದು ಪತ್ರದಲ್ಲಿ ಬರೆದಿದ್ದಾರೆ. ಆ ಗಣಿತ ಟೆಸ್ಲಾ ಅವರಿಂದ ಬರಲಿಲ್ಲ. ದ್ರವ್ಯ ಮತ್ತು ಶಕ್ತಿಯ ಸಂಬಂಧವನ್ನು 1905ರಲ್ಲಿ ತೋರಿಸಿದ್ದು ಐನ್‌ಸ್ಟೈನ್. ಅವರ ಸಾಪೇಕ್ಷ ಸಿದ್ಧಾಂತವನ್ನು ಟೆಸ್ಲಾ ಕೊನೆಯವರೆಗೂ ಒಪ್ಪಲಿಲ್ಲ.

ಅಂದರೆ ಈ ಮಹನೀಯರಿಗೆ ಪೂರ್ವದ ತತ್ವಶಾಸ್ತ್ರ ಒಂದು ಜೊತೆಗಾರನಂತೆ ಇತ್ತು. ಹಳೆಯ ಯುರೋಪಿನ ಯೋಚನೆಗೆ ಹೊಂದದ ಫಲಿತಾಂಶಗಳು ಎದುರಾದಾಗ, ಹೀಗೂ ಯೋಚಿಸಬಹುದು ಎಂಬ ಧೈರ್ಯ ಅದರಿಂದ ಸಿಕ್ಕಿರಬಹುದು. ಅದು ಸಣ್ಣ ವಿಷಯವಲ್ಲ. ಆದರೆ ಸಾಬೀತು ಎನ್ನುವುದು ಬೇರೆ ಮಾತು.

ಈಗ 'ನೋಡುವವರಿಲ್ಲದೆ ಕಣವಿಲ್ಲ' ಎನ್ನುವ ಮಾತಿಗೆ ಬರೋಣ. ಎಲ್ಲಕ್ಕಿಂತ ಜಾಸ್ತಿ ಗೊಂದಲ ಆಗಿರುವುದು ಇಲ್ಲೇ. ಎರಡು ಸೀಳುಗಳ ಪ್ರಯೋಗ ನಿಮಗೆ ಗೊತ್ತೇ ಇದೆ. ಎಲೆಕ್ಟ್ರಾನುಗಳನ್ನು ಎರಡು ಸೀಳುಗಳ ಕಡೆಗೆ ಬಿಟ್ಟರೆ ಪರದೆಯ ಮೇಲೆ ಅಲೆಗಳಂತೆ ಪಟ್ಟೆ ಮೂಡುತ್ತದೆ. ಯಾವ ಸೀಳಿನಿಂದ ಹೋಯಿತು ಎಂದು ಪತ್ತೆ ಮಾಡಲು ಹೋದರೆ ಪಟ್ಟೆ ಮಾಯವಾಗುತ್ತದೆ. ಪುಸ್ತಕಗಳಲ್ಲಿ ಇದನ್ನು 'ವೀಕ್ಷಣೆ' ಎಂದು ಬರೆದರು. ವೀಕ್ಷಣೆ ಅಂದ ಕೂಡಲೇ ನಮಗೆ ಕಣ್ಣು, ಕಣ್ಣಿನ ಹಿಂದೆ ಮನಸ್ಸು ನೆನಪಾಗುತ್ತದೆ. ತಪ್ಪು ತಿಳಿವಳಿಕೆ ಶುರುವಾಗಿದ್ದು ಆ ಪದದಿಂದ.

ಭೌತಶಾಸ್ತ್ರದಲ್ಲಿ ವೀಕ್ಷಣೆ ಎಂದರೆ, ಆ ಕಣ ಬೇರೆ ಯಾವುದನ್ನೋ ತಾಗಿ ಅಲ್ಲೊಂದು ಗುರುತು ಬಿಡುವುದು. ಗುರುತನ್ನು ಯಾರೂ ಓದಬೇಕಾಗಿಲ್ಲ. 1999ರಲ್ಲಿ ವಿಯೆನ್ನಾದ ವಿಜ್ಞಾನಿಗಳು 60 ಇಂಗಾಲದ ಪರಮಾಣುಗಳ ಒಂದು ದೊಡ್ಡ ಅಣುವಿನಲ್ಲೂ ಅಲೆಯ ಪಟ್ಟೆಯನ್ನು ಕಂಡರು. 2004ರಲ್ಲಿ ಅಲ್ಲೇ 70 ಇಂಗಾಲದ ಅಣುವನ್ನು ಬಿಸಿ ಮಾಡುತ್ತಾ ಹೋದರು. ಬಿಸಿಯಾದ ಅಣು ಹೋಗುವ ದಾರಿಯಲ್ಲಿ ತಾನೇ ಬೆಳಕು ಸೂಸುತ್ತದೆ. ಆ ಬೆಳಕು ಅಣು ಎಲ್ಲಿತ್ತು ಎಂಬ ಸುಳಿವನ್ನು ಹೊತ್ತು ಹೊರಗೆ ಹೋಗುತ್ತದೆ. ಬಿಸಿ ಹೆಚ್ಚಿದಂತೆ ಪಟ್ಟೆಗಳು ಮಸುಕಾದವು. ಸೂಸಿದ ಆ ಬೆಳಕನ್ನು ಯಾರೂ ಹಿಡಿಯಲಿಲ್ಲ, ಯಾರೂ ನೋಡಲಿಲ್ಲ. ಸುಳಿವು ಹೊರಗೆ ಹೋದದ್ದೇ ಸಾಕಾಯಿತು. ಅಲ್ಲಿ ಮನಸ್ಸಿಗೆ ಕೆಲಸವೇ ಇರಲಿಲ್ಲ.

ನಮ್ಮ ದೇಹವನ್ನು ಯೋಚಿಸಿ. ಬೆಚ್ಚಗಿದೆ, ಒದ್ದೆಯಾಗಿದೆ, ಕೋಟಿ ಕೋಟಿ ಅಣುಗಳು ಕ್ಷಣಕ್ಷಣಕ್ಕೂ ಒಂದನ್ನೊಂದು ತಾಗುತ್ತಿವೆ. ಇಡೀ ಅಂಗದ ಮಟ್ಟಕ್ಕೆ ಬರುವಷ್ಟರಲ್ಲಿ ಕ್ವಾಂಟಂ ವಿಚಿತ್ರಗಳು ಎಂದೋ ಚದುರಿಹೋಗಿರುತ್ತವೆ. ಪ್ರಜ್ಞೆಗೂ ಈ ವೀಕ್ಷಣೆಗೂ ಸಂಬಂಧ ಇದೆ ಎಂದು ವಿಗ್ನರ್ ಅವರಂಥ ದೊಡ್ಡ ವಿಜ್ಞಾನಿಯೂ 1961ರಲ್ಲಿ ವಾದಿಸಿದ್ದರು. ಮುಂದೆ ಅವರೇ ಆ ನಿಲುವನ್ನು ಬಿಟ್ಟುಕೊಟ್ಟರು. ಗುರುಗಳು ಆ ಹಳೆಯ ನಿಲುವನ್ನು ಹೇಳುತ್ತಾರೆ, ಬಿಟ್ಟುಕೊಟ್ಟದ್ದನ್ನು ಹೇಳುವುದಿಲ್ಲ.

ಎಂಟ್ಯಾಂಗಲ್‌ಮೆಂಟ್, ಅಂದರೆ ನಂಟು ಬೆಳೆದ ಎರಡು ಕಣಗಳು ದೂರವಾದರೂ ಅವುಗಳ ಅಳತೆಗಳು ಒಂದಕ್ಕೊಂದು ಹೊಂದಿಕೊಂಡೇ ಬರುವುದು. ಅದರ ವಿಷಯ ಬೇಗ ಮುಗಿಯುತ್ತದೆ. ಅದು ಖಂಡಿತ ನಿಜ. ಅದರ ಪ್ರಯೋಗಗಳಿಗೆ 2022ರಲ್ಲಿ ಆಸ್ಪೆ, ಕ್ಲೌಸರ್, ಝೈಲಿಂಗರ್ ಅವರಿಗೆ ನೊಬೆಲ್ ಬಂತು. ಆದರೆ ಅದರಿಂದ ಒಂದು ಸಂದೇಶವನ್ನಾಗಲಿ ಶಕ್ತಿಯನ್ನಾಗಲಿ ದೂರಕ್ಕೆ ಕಳಿಸಲು ಆಗುವುದಿಲ್ಲ. ಇದನ್ನು ಹೇಳುವುದೂ ಅದೇ ಕ್ವಾಂಟಂ ಸಿದ್ಧಾಂತ. ಸಿದ್ಧಾಂತದ ಹೆಸರು ಹೇಳಿಕೊಂಡು, ಅದೇ ಸಿದ್ಧಾಂತ ಆಗದು ಎನ್ನುವುದನ್ನು ಆಗುತ್ತದೆ ಎನ್ನುವುದು ಸರಿಯಲ್ಲ, ಅಲ್ವಾ?

ಕೈಯಿಂದ ಶಕ್ತಿ ತಿಳಿಯುತ್ತದೆ ಎಂಬುದನ್ನು ಒಂದು ಪುಟ್ಟ ಹುಡುಗಿ ಪರೀಕ್ಷಿಸಿದ್ದಳು. ಅಮೆರಿಕದ ಎಮಿಲಿ ರೋಸಾ. ಆಗ ಅವಳಿಗೆ ಒಂಬತ್ತು ವರ್ಷ, ಶಾಲೆಯ ವಿಜ್ಞಾನ ಮೇಳಕ್ಕೆ ಮಾಡಿದ ಪ್ರಯೋಗ. ಮೈಯ ಸುತ್ತಲಿನ ಶಕ್ತಿಯನ್ನು ಮುಟ್ಟದೆಯೇ ಗ್ರಹಿಸುತ್ತೇವೆ ಎನ್ನುವ 21 ಚಿಕಿತ್ಸಕರು ಒಂದು ರಟ್ಟಿನ ಮರೆಯಿಂದ ಎರಡೂ ಕೈ ಚಾಚಿ ಕೂತರು. ಎಮಿಲಿ ಅವರ ಒಂದು ಕೈಯ ಮೇಲೆ ತನ್ನ ಕೈ ಹಿಡಿದಳು. ಯಾವ ಕೈ ಮೇಲೆ ಎಂದು ಅವರು ಹೇಳಬೇಕು. ಸುಮ್ನೆ ಊಹೆ ಮಾಡಿದರೂ ಅರ್ಧ ಸರಿಯಾಗುತ್ತದೆ. 280 ಸಲದಲ್ಲಿ ಅವರು ಸರಿ ಹೇಳಿದ್ದು ಶೇ 44. 1998ರಲ್ಲಿ ಇದು ಅಮೆರಿಕದ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನಿಮ್ಮ ವಿದ್ಯಾರ್ಥಿಗಳಿಗೆ ಇದನ್ನು ಹೇಳಿ. ದುಬಾರಿ ಯಂತ್ರವಿಲ್ಲದೆ, ಯಾರನ್ನೂ ಅವಮಾನಿಸದೆ ಒಂದು ನಂಬಿಕೆಯನ್ನು ಪರೀಕ್ಷಿಸಲು ಬರುತ್ತದೆ ಎನ್ನುವುದು ಅವರಿಗೆ ತಿಳಿಯಲಿ.

ಹಾಗಾದರೆ ಪ್ರಾಣ ಅನ್ನುವುದೇ ಇಲ್ಲವೇ? ಇಲ್ಲಿ ನಾನು ನಿಮ್ಮ ತಮ್ಮನ ಜೊತೆ ನಿಲ್ಲುವುದಿಲ್ಲ. ಭೌತಶಾಸ್ತ್ರದಲ್ಲಿ ಶಕ್ತಿ ಎಂದರೆ ಅಳೆಯಬಹುದಾದ ಒಂದು ಲೆಕ್ಕ, ಜೌಲ್‌ಗಳಲ್ಲಿ. ಸುಮ್ಮನೆ ಕೂತ ಮನುಷ್ಯನ ಮೈ ಸುಮಾರು 80ರಿಂದ 100 ವಾಟ್ ಶಾಖ ಬಿಡುತ್ತದೆ. ಹೃದಯದ ಸುತ್ತ ಅಯಸ್ಕಾಂತ ಕ್ಷೇತ್ರವೂ ಇದೆ, ಆದರೆ ಅದು ಭೂಮಿಯ ಅಯಸ್ಕಾಂತ ಕ್ಷೇತ್ರದ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು. ಪ್ರಾಣ ಎಂದು ಶಾಸ್ತ್ರಗಳು ಹೇಳಿದ್ದು ಇದನ್ನಲ್ಲ. ಪ್ರಾಣ ಎಂದರೆ ಮೊದಲಿಗೆ ಉಸಿರು. ಆಮೇಲೆ ಅಪಾನ, ವ್ಯಾನ, ಉದಾನ, ಸಮಾನ ಎಂದು ದೇಹದಲ್ಲಿ ನಡೆಯುವ ಚಲನೆಗಳಿಗೆ ಇಟ್ಟ ಹೆಸರುಗಳು. ಒಳಗೆ ತೆಗೆದುಕೊಳ್ಳುವುದು, ಹೊರಗೆ ಹಾಕುವುದು, ಮೈತುಂಬ ಹರಡುವುದು. ದೇಹವನ್ನು ಒಳಗಿನಿಂದ ಗಮನಿಸಿದವರು ತಮ್ಮ ಅನುಭವಕ್ಕೆ ಕಟ್ಟಿಕೊಂಡ ಭಾಷೆ ಅದು. ಚೀನಾದ 'ಚೀ' ಪದಕ್ಕೂ ಆವಿ, ಉಸಿರು ಎಂಬ ಅರ್ಥವಿದೆ. ಎರಡನ್ನೂ 'ಎನರ್ಜಿ' ಎಂದು ಅನುವಾದಿಸಿದ ಮೇಲೆ, ಅದನ್ನು ಅಳೆಯುತ್ತೇವೆ ಎನ್ನುವ ಯಂತ್ರಗಳು ಬಂದವು. 'ಅವಳು ಮಗನ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದಾಳೆ' ಎನ್ನುತ್ತೇವೆ. ಆ ಮಾತು ಸುಳ್ಳಲ್ಲ. ವೋಲ್ಟ್ ಮೀಟರಿಗೆ ಸಿಗುವುದೂ ಇಲ್ಲ.

ಮಾಯೆಯ ಬಗ್ಗೆಯೂ ಹೀಗೆ. ಪರಮಾಣು ಬಹುಪಾಲು ಖಾಲಿ, ಆದ್ದರಿಂದ ಜಗತ್ತು ಮಾಯೆ ಎಂದು ವಿಜ್ಞಾನವೇ ಹೇಳಿದೆ ಎನ್ನುತ್ತಾರೆ. ಆ ಜಾಗ ಖಾಲಿ ಇಲ್ಲ, ಎಲೆಕ್ಟ್ರಾನಿನ ಅಲೆ ಅಲ್ಲೆಲ್ಲ ಹರಡಿದೆ. ಕುರ್ಚಿ ನಮ್ಮನ್ನು ತಡೆದು ಹಿಡಿಯುವುದೂ ಅದರಿಂದಲೇ. ಅದು ಹಾಗಿರಲಿ, ಶಂಕರರು ಹೇಳಿದ್ದು ಪರಮಾಣುವಿನ ಒಳಗಿನ ಜಾಗದ ಬಗ್ಗೆ ಅಲ್ಲವೇ ಅಲ್ಲ. ಹಗ್ಗವನ್ನು ಹಾವು ಎಂದು ಕಾಣುವ ತಪ್ಪಿನ ಬಗ್ಗೆ. ಅವರ ಪರಂಪರೆಯೇ ಪಾರಮಾರ್ಥಿಕ (ಕೊನೆಯ ಸತ್ಯದ್ದು), ವ್ಯಾವಹಾರಿಕ (ದಿನನಿತ್ಯದ್ದು) ಎಂದು ಎರಡು ನೆಲೆಗಳನ್ನು ಬೇರೆ ಮಾಡುತ್ತದೆ. ದೇಹ, ರೋಗ, ಔಷಧ ಮೂರೂ ವ್ಯವಹಾರದ ನೆಲೆಗೆ ಸೇರಿದವು. ಅಲ್ಲಿ ಪ್ರಮಾಣ, ಅಂದರೆ ಪುರಾವೆ, ಬೇಕೇ ಬೇಕು. ಚರಕ ಸಂಹಿತೆ ಕೂಡ ತಿಳಿದವರ ಮಾತಿನ ಜೊತೆಗೆ ಪ್ರತ್ಯಕ್ಷ (ಕಣ್ಣಾರೆ ಕಂಡದ್ದು), ಅನುಮಾನ (ಕಂಡದ್ದರಿಂದ ತರ್ಕಿಸಿ ತಿಳಿದದ್ದು), ಯುಕ್ತಿ (ಹಲವು ಕಾರಣಗಳನ್ನು ಕೂಡಿಸಿ ನೋಡುವುದು) ಮೂರನ್ನೂ ಕೇಳುತ್ತದೆ. ಪರೀಕ್ಷೆ ಮಾಡಿ ನೋಡಿ ಎನ್ನುವುದು ಪರದೇಶದಿಂದ ಬಂದ ಮಾತಲ್ಲ.

ತತ್ವಶಾಸ್ತ್ರವನ್ನು ಆಯಾ ಕಾಲದ ಭೌತಶಾಸ್ತ್ರಕ್ಕೆ ಕಟ್ಟಿಹಾಕುವುದರಲ್ಲಿ ಇನ್ನೊಂದು ಅಪಾಯವಿದೆ. ಫ್ರಿಟ್ಜಾಫ್ ಕಾಪ್ರಾ ಅವರು ಈ ಎರಡನ್ನೂ ಹೋಲಿಸಿ ಬರೆದ ಪ್ರಸಿದ್ಧ ಪುಸ್ತಕ 1975ರಲ್ಲಿ ಬಂತು. ಯಾವ ಕಣವೂ ಮೂಲ ಕಣವಲ್ಲ, ಪ್ರತಿಯೊಂದೂ ಉಳಿದೆಲ್ಲದರಿಂದ ಆಗಿದೆ ಎನ್ನುವ 'ಬೂಟ್‌ಸ್ಟ್ರ್ಯಾಪ್' ಸಿದ್ಧಾಂತಕ್ಕೆ ಅದರಲ್ಲಿ ದೊಡ್ಡ ಜಾಗ ಇತ್ತು. ಎಲ್ಲವೂ ಎಲ್ಲದರ ಒಳಗೆ ಎನ್ನುವ ಪೂರ್ವದ ಮಾತಿಗೆ ಅದು ಚೆನ್ನಾಗಿ ಹೊಂದುತ್ತಿತ್ತು. ಆದರೆ 1974ರ ನವೆಂಬರಿನಲ್ಲೇ ಹೊಸ ಕಣವೊಂದು ಸಿಕ್ಕಿತ್ತು. ಅಲ್ಲಿಂದ ಮುಂದೆ, ಪ್ರೋಟಾನಿನಂಥ ಕಣಗಳು ಕ್ವಾರ್ಕ್ ಎಂಬ ಮೂಲ ಕಣಗಳಿಂದ ಆಗಿವೆ ಎನ್ನುವ ಕ್ವಾರ್ಕ್ ಸಿದ್ಧಾಂತ ಗಟ್ಟಿಯಾಯಿತು, ಬೂಟ್‌ಸ್ಟ್ರ್ಯಾಪ್ ಹಿಂದೆ ಸರಿಯಿತು. ಅದರ ಜೊತೆಗೆ, ಯಾವುದೂ ತನ್ನಷ್ಟಕ್ಕೆ ತಾನೇ ಇಲ್ಲ ಎನ್ನುವ ಬೌದ್ಧ ತತ್ವಜ್ಞಾನಿ ನಾಗಾರ್ಜುನನ ಶೂನ್ಯತೆ ಬಿದ್ದುಹೋಯಿತೇ? ಇಲ್ಲ. ಭೌತಶಾಸ್ತ್ರದ ಮೇಲೆ ಅದು ಯಾವತ್ತೂ ನಿಂತಿರಲೇ ಇಲ್ಲ.

ನಿಜವಾದ ಕ್ವಾಂಟಂ ವೈದ್ಯಕೀಯ ಇದೆ, ನಾನು ದಿನವೂ ಅದರ ನಡುವೆಯೇ ಇರುತ್ತೇನೆ. ಎಂಆರ್‌ಐ ಯಂತ್ರ ಹೈಡ್ರೋಜನ್ ಪರಮಾಣುವಿನ ನಡುವಿನ ಪ್ರೋಟಾನಿನ ಸ್ಪಿನ್ ಎಂಬ ಕ್ವಾಂಟಂ ಗುಣವನ್ನು ಹಿಡಿದು ಚಿತ್ರ ಬರೆಯುತ್ತದೆ. ಪೆಟ್ ಸ್ಕ್ಯಾನಿನಲ್ಲಿ ಎಲೆಕ್ಟ್ರಾನಿನ ಪ್ರತಿಕಣ ಪಾಸಿಟ್ರಾನ್ ಕೆಲಸ ಮಾಡುತ್ತದೆ. ಅದನ್ನು ಪ್ರಯೋಗದಲ್ಲಿ ಮೊದಲು ಕಂಡದ್ದು 1932ರಲ್ಲಿ. ಇವತ್ತು ಅದು ಕ್ಯಾನ್ಸರ್ ಎಲ್ಲಿ ಅಡಗಿದೆ ಎಂದು ತೋರಿಸುತ್ತದೆ. ರೋಗಿ ನಂಬಲಿ ಬಿಡಲಿ, ಚಿತ್ರ ಬರುತ್ತದೆ.

ಪೆಂಡೆಂಟ್ ವಿಷಯ ನನ್ನ ಕೆಲಸಕ್ಕೇ ಸೇರಿದ್ದು. 2021ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸಿನ ವಿಕಿರಣ ಸುರಕ್ಷತಾ ಪ್ರಾಧಿಕಾರ ಹತ್ತು ವಸ್ತುಗಳ ಬಗ್ಗೆ ಜನರಿಗೆ ಎಚ್ಚರಿಕೆ ಕೊಟ್ಟಿತು. ಅದರಲ್ಲಿ 'ಕ್ವಾಂಟಂ' ಹೆಸರಿನ ಪೆಂಡೆಂಟ್ ಇತ್ತು, ಬಳೆ ಇತ್ತು, ಕಣ್ಣಿಗೆ ಕಟ್ಟಿಕೊಂಡು ಮಲಗುವ ಪಟ್ಟಿಯೂ ಇತ್ತು. ಅವೆಲ್ಲ ವಿಕಿರಣ ಸೂಸುತ್ತಿದ್ದವು. ಇಂಥ ಪೆಂಡೆಂಟುಗಳಲ್ಲಿ ಥೋರಿಯಂ, ಯುರೇನಿಯಂ ಇರುವ ಖನಿಜದ ಪುಡಿ ಸೇರಿರುವುದುಂಟು. ಋಣ ಅಯಾನು (ಋಣ ವಿದ್ಯುತ್ ಹೊತ್ತ ಕಣ) ಬರುತ್ತದೆ ಎಂದು ಮಾರುತ್ತಾರೆ. ಅಯಾನು ಬರುವುದು ಆ ವಿಕಿರಣದಿಂದ. ಒಮ್ಮೆ ರೋಗಿಯೊಬ್ಬರು ತಮ್ಮ ಪೆಂಡೆಂಟನ್ನು ನನ್ನ ಮೇಜಿನ ಮೇಲಿಟ್ಟರು. ವಿಕಿರಣ ಪತ್ತೆ ಮಾಡುವ ಗೈಗರ್ ಕೌಂಟರನ್ನು ಅದರ ಹತ್ತಿರ ತಂದೆ. ಟಿಕ್ ಟಿಕ್ ಸದ್ದು ಒಮ್ಮೆಲೇ ಜೋರಾಯಿತು. ಅವರ ಮುಖ ಇಳಿದುಹೋದದ್ದು ಇನ್ನೂ ಕಣ್ಣ ಮುಂದಿದೆ. ನೀವು ಹೆದರಬೇಡಿ. ಪ್ರಮಾಣ ಕಡಿಮೆ, ಮೂರು ತಿಂಗಳಿಂದ ದೊಡ್ಡ ಅನಾಹುತ ಆಗುವಂಥದ್ದಲ್ಲ. ಆದರೆ ವರ್ಷಗಟ್ಟಲೆ ಹಗಲೂ ರಾತ್ರಿ ಚರ್ಮಕ್ಕೆ ಅಂಟಿಸಿಕೊಳ್ಳುವಂಥದ್ದೂ ಅಲ್ಲ. ನಿಮ್ಮದರಲ್ಲಿ ಅಂಥದ್ದು ಏನೂ ಇಲ್ಲದಿರಬಹುದು. ಹಾಗಿದ್ದರೆ ಅದು ಬರೀ ಕಲ್ಲು. ಎರಡರಲ್ಲಿ ಯಾವುದೇ ಆಗಿದ್ದರೂ ಹಾಕಿಕೊಳ್ಳಲು ಕಾರಣವಿಲ್ಲ. ಕಸಕ್ಕೆ ಎಸೆಯಬೇಡಿ, ಒಡೆದು ಪುಡಿ ಮಾಡಬೇಡಿ. ಡಬ್ಬಿಯಲ್ಲಿ ಮುಚ್ಚಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ವಿಕಿರಣ ವಿಭಾಗ ಇರುವ ಆಸ್ಪತ್ರೆಯಲ್ಲಿ ನನ್ನಂಥವರು ಒಬ್ಬರು ಇರುತ್ತಾರೆ. ತೋರಿಸಿ ಅಳತೆ ಮಾಡಿಸಿ.

ಇನ್ನು ನಿಮಗೆ ಗುಣ ಕಂಡಿದೆಯಲ್ಲ, ಅದು ಎಲ್ಲಿಂದ ಬಂತು? ಅದು ಭ್ರಮೆ ಎಂದು ನಾನು ಹೇಳುವುದಿಲ್ಲ. ಪೂರ್ವದ ವೈದ್ಯದಲ್ಲಿ ಕೆಲಸ ಮಾಡುವಂಥವು ಇವೆ, ಅವನ್ನು ಕಂಡುಕೊಂಡದ್ದು ಪರೀಕ್ಷೆಯಿಂದ. ಚೀನಾದ ತು ಯೂಯೂ ನಾಲ್ಕನೇ ಶತಮಾನದ ಒಂದು ವೈದ್ಯ ಗ್ರಂಥದಲ್ಲಿ ಒಂದು ಸಾಲು ಓದಿದರು. ಜ್ವರಕ್ಕೆ ಒಂದು ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿ ರಸ ಕುಡಿಯಿರಿ ಎಂದಿತ್ತು. ಕುದಿಸಿ ಎಂದಿರಲಿಲ್ಲ. ಬಿಸಿಗೆ ಔಷಧದ ಗುಣ ಕೆಡುತ್ತಿರಬಹುದು ಎಂದು ಹೊಳೆದು, ಕಡಿಮೆ ಬಿಸಿಯಲ್ಲೇ ಈಥರ್ ಬಳಸಿ ಸಾರ ತೆಗೆದರು. ಅದೇ ಮಲೇರಿಯಾದ ಆರ್ಟೆಮಿಸಿನಿನ್. 2015ರಲ್ಲಿ ಅದಕ್ಕೆ ನೊಬೆಲ್ ಬಂತು. ಹಳೆಯ ಗ್ರಂಥಕ್ಕೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದಿದೆ?

ಮೈಗೆ ಸೂಜಿ ಚುಚ್ಚುವ ಚೀನೀ ಚಿಕಿತ್ಸೆ ಅಕ್ಯುಪಂಕ್ಚರ್ ಕಥೆ ಸ್ವಲ್ಪ ಬೇರೆ. ಜರ್ಮನಿಯಲ್ಲಿ ಬೆನ್ನುನೋವಿನ 1,162 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2007ರಲ್ಲಿ ಬಂತು. ಶಾಸ್ತ್ರದ ಪ್ರಕಾರ ಸೂಜಿ ಹಾಕಿಸಿಕೊಂಡವರಲ್ಲಿ ಶೇ 47.6 ಜನರಿಗೆ ಗುಣ ಕಂಡಿತು. ಬೇಕಾದ ಜಾಗ ಬಿಟ್ಟು ಬೇರೆಲ್ಲೋ ಮೇಲೆ ಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ 44.2. ಮಾಮೂಲಿ ಔಷಧ, ವ್ಯಾಯಾಮದವರಲ್ಲಿ ಶೇ 27.4. ಅಂದರೆ ಸೂಜಿಯಿಂದ ಉಪಯೋಗ ಆಯಿತು, ಎಲ್ಲಿ ಚುಚ್ಚಿದರು ಎನ್ನುವುದರಿಂದ ಹೆಚ್ಚು ವ್ಯತ್ಯಾಸ ಆಗಲಿಲ್ಲ. ಒಬ್ಬರು ಸಮಯ ಕೊಟ್ಟು ಕೂತು, ಮುಟ್ಟಿ, ಗಮನ ಕೊಟ್ಟು ನೋಡಿಕೊಂಡದ್ದಕ್ಕೂ ನೋವು ತಗ್ಗಿರಬಹುದು. ಇದನ್ನು ಆಧುನಿಕ ಆಸ್ಪತ್ರೆಗಳು ಕಲಿಯಬೇಕು ಎಂದು ನಾನು ಮನಸ್ಸಿನಿಂದ ಹೇಳುತ್ತೇನೆ.

ನಿಮ್ಮ ಪ್ರಾಣಾಯಾಮಕ್ಕೆ ತುಂಬ ಹತ್ತಿರದ ಒಂದು ಅಧ್ಯಯನ 2001ರಲ್ಲಿ ಬಂತು. 23 ಜನರಿಗೆ 'ಓಂ ಮಣಿ ಪದ್ಮೇ' ಮಂತ್ರವನ್ನೂ ಲ್ಯಾಟಿನ್ ಭಾಷೆಯ ಕ್ರೈಸ್ತ ಜಪವನ್ನೂ ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಕತ್ತಿನ ರಕ್ತನಾಳದಲ್ಲಿ ರಕ್ತದ ಒತ್ತಡವನ್ನು ಗಮನಿಸುತ್ತಾ ಹೃದಯಕ್ಕೆ ಸೂಚನೆ ಕೊಡುವ ವ್ಯವಸ್ಥೆ ಒಂದಿದೆ. ಆ ನಿಧಾನದ ಉಸಿರಿನಲ್ಲಿ ಅದು ಇನ್ನೂ ಚುರುಕಾಯಿತು. ನಿಮ್ಮ ಮೈಯಲ್ಲೂ ಇದೇ ನಡೆಯುತ್ತಿರಬೇಕು. ಧ್ಯಾನದಿಂದ ಆತಂಕ, ಖಿನ್ನತೆ, ನೋವು ಸ್ವಲ್ಪ ಮಟ್ಟಿಗೆ ಕಡಿಮೆಯಾಗುತ್ತದೆ ಎಂದು 47 ಪರೀಕ್ಷೆಗಳನ್ನು ಒಟ್ಟಿಗೆ ನೋಡಿದ 2014ರ ಪರಿಶೀಲನೆಯೂ ಹೇಳಿದೆ. ನಿದ್ದೆ ಸರಿಯಾದರೆ ಅರೆತಲೆನೋವು ತಗ್ಗುವುದು ಸಹಜ. ಇನ್ನೊಂದನ್ನೂ ಮನಸ್ಸಿನಲ್ಲಿಡಿ. ತಲೆನೋವು ತೀರಾ ಹೆಚ್ಚಾದಾಗಲೇ ನಾವು ಹೊಸ ದಾರಿ ಹುಡುಕುತ್ತೇವೆ. ಅಲ್ಲಿಂದ ಅದು ತಾನಾಗಿಯೂ ಒಂದಿಷ್ಟು ಇಳಿಯುತ್ತದೆ.

ಈಗ ಮಾತ್ರೆ. ಬಿಪಿ ಏರಿದರೆ ಬಹುಪಾಲು ಜನರಿಗೆ ಏನೂ ಗೊತ್ತಾಗುವುದಿಲ್ಲ. 'ಚೆನ್ನಾಗಿದ್ದೇನೆ' ಎನ್ನುವ ಭಾವನೆ ಇಲ್ಲಿ ಅಳತೆಗೋಲಲ್ಲ. ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಬಿಪಿ ಮತ್ತೆ ಏರಬಹುದು, ಎದೆನೋವು ಬರಬಹುದು. ಇಂಥ ಕೆಲವು ಬಿಪಿ ಮಾತ್ರೆಗಳನ್ನು ಡಾಕ್ಟರುಗಳು ಅರೆತಲೆನೋವು ಬರದಂತೆ ತಡೆಯಲೂ ಕೊಡುತ್ತಾರೆ. ನಿಮ್ಮದು ಆ ಗುಂಪಿನದಾಗಿದ್ದರೆ ತಲೆನೋವು ಕಡಿಮೆ ಆದದ್ದರಲ್ಲಿ ಅದರ ಪಾಲೂ ಇರಬಹುದು. ಉಸಿರಾಟದಿಂದ ನಿಜವಾಗಿ ಒತ್ತಡ ಇಳಿದಿದ್ದರೆ ಮಾತ್ರೆ ಕಡಿಮೆ ಮಾಡುವ ದಾರಿ ಇದೆ. ಎರಡು ವಾರ ಬೆಳಿಗ್ಗೆ, ಸಂಜೆ ಐದು ನಿಮಿಷ ಸುಮ್ಮನೆ ಕೂತು ಬಿಪಿ ಅಳೆಯಿರಿ, ಬರೆದಿಡಿ. ಅದನ್ನು ನಿಮ್ಮ ಡಾಕ್ಟರಿಗೆ ತೋರಿಸಿ. ಪ್ರಾಣಾಯಾಮ ಮಾಡುತ್ತಿರುವುದನ್ನೂ ಹೇಳಿ. ಕಡಿಮೆ ಮಾಡಬೇಕೋ ಬೇಡವೋ, ಮಾಡಿದರೆ ಎಷ್ಟು ದಿನದಲ್ಲಿ ಎಂದು ಅವರು ನಿರ್ಧರಿಸಲಿ. ಉಸಿರು ಬಲವಾಗಿ ಬಿಡುವ, ತುಂಬ ಹೊತ್ತು ಹಿಡಿದಿಡುವ ಅಭ್ಯಾಸಗಳು ಬಿಪಿ ಇರುವವರಿಗೆ ಬೇಡ. ನಿಧಾನದ ಉಸಿರು ಸಾಕು.

ತರಗತಿಗೆ ಹೋಗುವುದನ್ನು ಬಿಡಬೇಕಾಗಿಲ್ಲ. ಮಾತ್ರೆಯ ವಿಷಯ ಡಾಕ್ಟರ ಹತ್ತಿರ ಮಾತಾಡುತ್ತೇನೆ ಎಂದು ಗುರುಗಳಿಗೆ ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳಿ. ಒಪ್ಪಿದರೆ ಅವರ ಹತ್ತಿರ ಧ್ಯಾನ ಕಲಿಯುತ್ತಾ ಇರಿ. ಒಪ್ಪದೆ ಒತ್ತಾಯ ಮಾಡಿದರೆ ಬೇರೆ ತರಗತಿ ನೋಡಿಕೊಳ್ಳಿ. ನಿಧಾನವಾಗಿ ಉಸಿರಾಡಲು ಅವರ ಅನುಮತಿ ಬೇಕಾಗಿಲ್ಲ. ನಿಮ್ಮ ತಮ್ಮನನ್ನು ಒಂದು ದಿನ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊದಲು ಇಬ್ಬರ ಬಿಪಿಯನ್ನೂ ಅಳೆಯಿರಿ, ಹತ್ತು ನಿಮಿಷ ಜೊತೆಯಲ್ಲಿ ನಿಧಾನವಾಗಿ ಉಸಿರಾಡಿ, ಮತ್ತೆ ಅಳೆಯಿರಿ. ಬಂದ ಅಂಕಿಗಳನ್ನು ಅವರೇ ಬರೆದುಕೊಳ್ಳಲಿ.